ರೋಗಕ್ಕೆ ಹೆಸರಿಲ್ಲದಿದ್ದರೆ ಸೊಸೆಗೆ ಕೆಟ್ಟ ಹೆಸರು

ಅರಸೀಕೆರೆ ತಾಲೂಕಿನ ಹಾರನಹಳ್ಳಿಯ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಎರಡು ಕಾರಣಗಳಿಗೆ. ಒಂದು, ಅಲ್ಲಿರುವ 13ನೆಯ ಶತಮಾನದ ಹೊಯ್ಸಳ ದೇವಾಲಯಗಳು. ಇನ್ನೊಂದು, ಕೋಡಿಮಠದ ಭವಿಷ್ಯವಾಣಿ. ಚುನಾವಣೆ ಹತ್ತಿರವಾದಾಗ, ಮಳೆ ಕೈಕೊಟ್ಟಾಗ ಕ್ಯಾಮರಾಗಳು ಆ ಕಡೆಗೆ ಧಾವಿಸುತ್ತವೆ. ನಾವು ಅಲ್ಲಿಗೆ ಹೋದದ್ದು ಇವೆರಡಕ್ಕೂ ಅಲ್ಲ. ತೆಂಗಿನಕಾಯಿ ಸುಲಿಯುವ ಕೂಲಿಕಾರನೊಬ್ಬನ ಮನೆಯಲ್ಲಿ ಹನ್ನೊಂದು ವರ್ಷದ ಹೆಣ್ಣು ಮಗುವಿಗೆ ಬೆರಳು ಮಡಚಲಾಗುತ್ತಿಲ್ಲ, ಆಕೆಯ ತಾಯಿಯನ್ನು ತವರಿಗೆ ಕಳಿಸುವ ಮಾತು ನಡೆಯುತ್ತಿದೆ, ಒಮ್ಮೆ ಬಂದು ಬುದ್ಧಿ ಹೇಳಿ ಎಂದು ಪರಿಚಿತರೊಬ್ಬರು ಕರೆದಿದ್ದರು.

ಮಗುವಿನ ಬೆರಳುಗಳ ಗಿಣ್ಣುಗಳು ದಪ್ಪಗಾಗಿದ್ದವು. ನಡೆಯುವಾಗ ಸೊಂಟ ಒಂದು ಕಡೆಗೆ ವಾಲುತ್ತಿತ್ತು. ಓದಿನಲ್ಲಿ ಚುರುಕು, ನಮ್ಮ ಮುಂದೆಯೇ ಪಾಠವನ್ನು ತಡೆಯಿಲ್ಲದೆ ಓದಿದಳು. ಆದರೆ ಬರೆಯಲು ಪೆನ್ನನ್ನು ಎರಡು ಬೆರಳುಗಳ ಸಂದಿಯಲ್ಲಿ ಸಿಕ್ಕಿಸಿಕೊಳ್ಳಬೇಕು. ಐದು ವರ್ಷದ ತಮ್ಮನಿಗೂ ಈಗ ಗಿಣ್ಣುಗಳು ಊದಲಾರಂಭಿಸಿವೆ. ನಾಲ್ಕು ವರ್ಷಗಳಿಂದ ಊರೂರು ಅಲೆದ ಚೀಟಿಗಳ ಒಂದು ಪ್ಲಾಸ್ಟಿಕ್ ಚೀಲವಿದೆ. ಅದರಲ್ಲಿರುವ ಎಲ್ಲ ಚೀಟಿಗಳಲ್ಲಿಯೂ ಒಂದೇ ಹೆಸರು: ಮಕ್ಕಳ ಸಂಧಿವಾತ. ಅದಕ್ಕಾಗಿ ನುಂಗಿಸಿದ ಮಾತ್ರೆಗಳು, ಚುಚ್ಚಿದ ಸ್ಟೀರಾಯ್ಡ್‌ಗಳು. ಮಗುವಿನ ಮುಖ ಊದಿತೇ ಹೊರತು ಬೆರಳು ಮಡಚಲಿಲ್ಲ. ಚೀಲದ ತಳದಲ್ಲಿ ಎರಡು ತಾಯಿತಗಳೂ ಇದ್ದವು. ಅವುಗಳಿಗೆ ತೆತ್ತ ಹಣ ಚೀಟಿಯಲ್ಲಿ ಬರೆದಿಲ್ಲವಾದ್ದರಿಂದ ಎಷ್ಟೆಂದು ತಿಳಿಯಲಿಲ್ಲ.

"ಹಮಾರೆ ಖಾಂದಾನ್ ಮೇ ಐಸಾ ಕಬ್ಬಿ ನೈ ಥಾ, ಮೌಲವಿ ಸಾಬ್," ಎಂದರು ಅಜ್ಜಿ. ನಮ್ಮ ವಂಶದಲ್ಲಿ ಇಂಥದ್ದು ಎಂದೂ ಇರಲಿಲ್ಲ, ಇದು ಸೊಸೆ ತಂದದ್ದು ಎಂಬುದು ಅವರ ತೀರ್ಪು. ಸೊಸೆ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ನಾವು ವಿಚಾರಿಸಿದೆವು: ಸೊಸೆ ಯಾವ ಮನೆಯವಳು? ಅಜ್ಜಿಯ ಸ್ವಂತ ತಮ್ಮನ ಮಗಳು!

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಯಾವ ಖಾಂದಾನಿನಲ್ಲಿ ಇರಲಿಲ್ಲವೆಂದು ಅಜ್ಜಿ ಹೇಳುತ್ತಿದ್ದಾರೋ ಸೊಸೆ ಬಂದದ್ದೂ ಅದೇ ಖಾಂದಾನಿನಿಂದ. ಮಗನಿಗೂ ಸೊಸೆಗೂ ಅಜ್ಜ ಅಜ್ಜಿ ಒಬ್ಬರೇ. ಈ ಮಹಿಳೆಯ ತಂದೆ ತಾಯಿಯೇ. ರೋಗದ ಬೀಜವು ರಕ್ತದಲ್ಲಿ ಹರಿದು ಬಂದದ್ದೇ ಆದರೆ ಅದು ಸೊಸೆಗೆ ಯಾವ ಹಾದಿಯಲ್ಲಿ ಬಂತೋ ಮಗನಿಗೂ ಅದೇ ಮೂಲದಿಂದ ಬಂದಿರಬೇಕು. ಮಗನ ಪಾಲು ತಾಯಿಯ ಮೂಲಕವೇ ಹಾದು ಬಂದಿರುವ ಸಂಭವವಿದೆ. ಆದರೆ ತವರಿಗೆ ಹೋಗಬೇಕಾದವಳು ಮಾತ್ರ ಸೊಸೆ. ನಮ್ಮ ಸಮುದಾಯದ ಎಷ್ಟು ಮನೆಗಳಲ್ಲಿ ಈ ನ್ಯಾಯ ನಡೆಯುತ್ತಿದೆ ಎಂಬುದನ್ನು ನಾವು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಡವೇ?

ಆ ಚೀಲದ ಚೀಟಿಗಳ ಬಗ್ಗೆ ನಾವು ವೈದ್ಯರಲ್ಲ, ತೀರ್ಪು ಕೊಡಲಾರೆವು. ಆದರೆ ಅಂಥ ಚೀಟಿಗಳ ಬಗ್ಗೆ ತೀರ್ಪು ಕೊಡಬಲ್ಲವರು ನಮ್ಮದೇ ರಾಜ್ಯದಲ್ಲಿ ಬಹಳ ಕಾಲ ಕೆಲಸ ಮಾಡಿದ್ದಾರೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಮೆಡಿಕಲ್ ಜೆನೆಟಿಕ್ಸ್ ವಿಭಾಗವನ್ನು ಬೆಳೆಸಿದ ಡಾ. ಕಟ್ಟ ಮೋಹನ್ ಗಿರೀಶ ಅವರ ಹೆಸರನ್ನು ನಮ್ಮ ಓದುಗರಲ್ಲಿ ಎಷ್ಟು ಮಂದಿ ಕೇಳಿದ್ದಾರೆ? ಚಿತ್ರನಟರ ಮೂರನೆಯ ಮದುವೆಯ ವಿವರ ಬಲ್ಲ ನಾವು ಇಂಥವರ ಹೆಸರನ್ನು ಕೇಳದಿರುವುದು ಆಶ್ಚರ್ಯವೇನಲ್ಲ. ಲಕ್ನೋದ ಸಂಜಯ್ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯಲ್ಲಿ ಈ ಶಾಸ್ತ್ರದ ತರಬೇತಿ ಪಡೆದ ಅವರು ಘಟ್ಟದ ಕೆಳಗೆ ಬಂದು ಕುಳಿತು, ಯಾರಿಗೂ ಬೇಡವಾದ ರೋಗಗಳನ್ನು ಹಿಂಬಾಲಿಸಿದರು. ವಿರಳ ರೋಗವೆಂದರೆ ಹಾಗೆಯೇ. ಜಗತ್ತಿನಲ್ಲಿ ಇಂಥ ರೋಗಗಳು ಸುಮಾರು 7,000ದಷ್ಟಿವೆ ಎನ್ನುತ್ತಾರೆ. ಅವುಗಳಲ್ಲಿ ಬಹುಪಾಲು ವಂಶವಾಹಿಯ ದೋಷದಿಂದ ಬರುವಂಥವು. ಒಂದೊಂದು ರೋಗವೂ ಲಕ್ಷಕ್ಕೊಬ್ಬರಿಗೋ ಹತ್ತು ಲಕ್ಷಕ್ಕೊಬ್ಬರಿಗೋ ಬರುತ್ತದೆ. ಆದ್ದರಿಂದ ಔಷಧ ಕಂಪೆನಿಗೆ ಅದರಲ್ಲಿ ಲಾಭವಿಲ್ಲ, ಆಸ್ಪತ್ರೆಗೆ ಹೆಸರಿಲ್ಲ, ವೈದ್ಯನಿಗೆ ಸಂಪಾದನೆಯಿಲ್ಲ.

ಅವರು ಕೈಗೆತ್ತಿಕೊಂಡ ರೋಗಗಳಲ್ಲೊಂದು ಹಾರನಹಳ್ಳಿಯ ಚೀಲವನ್ನು ನೆನಪಿಸುವಂಥದ್ದು. ಅದರ ಹೆಸರು ಪ್ರೊಗ್ರೆಸಿವ್ ಸೂಡೊರುಮಟಾಯ್ಡ್ ಡಿಸ್‌ಪ್ಲೇಸಿಯಾ. ಹೆಸರು ಉದ್ದವಾದರೂ ಅರ್ಥ ಸರಳ: ಸಂಧಿವಾತದ ವೇಷ ತೊಟ್ಟು ಬರುವ ಮೂಳೆಯ ಕಾಯಿಲೆ. ಮೂರರಿಂದ ಎಂಟು ವರ್ಷದೊಳಗೆ ಬೆರಳ ಗಿಣ್ಣುಗಳು ದಪ್ಪಗಾಗುತ್ತವೆ, ನಡಿಗೆ ಕೆಡುತ್ತದೆ, ಕ್ರಮೇಣ ಸೊಂಟ, ಮಂಡಿಗಳು ಬಿಗಿಯುತ್ತವೆ. ನೋಡಿದವರು ಸಂಧಿವಾತವೆನ್ನುತ್ತಾರೆ. ಆದರೆ ರಕ್ತಪರೀಕ್ಷೆಯಲ್ಲಿ ಉರಿಯೂತದ ಗುರುತು ಇರುವುದಿಲ್ಲ. ಬೆನ್ನಿನ ಎಕ್ಸ್‌ರೇ ತೆಗೆದರೆ ಬೆನ್ನೆಲುಬಿನ ಬಿಲ್ಲೆಗಳು ಚಪ್ಪಟೆಯಾಗಿರುತ್ತವೆ. ಇದಕ್ಕೆ ಕಾರಣವಾದ ವಂಶವಾಹಿಯನ್ನು ಅಮೆರಿಕದ ಸಂಶೋಧಕರು 1999ರಲ್ಲಿ ಗುರುತಿಸಿದರು. ಭಾರತದ ಕುಟುಂಬಗಳಲ್ಲಿ ಅದು ಯಾವ ರೂಪದಲ್ಲಿ ಕೆಟ್ಟಿದೆ ಎಂಬುದನ್ನು ಗಿರೀಶ, ಹೈದರಾಬಾದಿನ ಡಾ. ಅಶ್ವಿನ್ ದಲಾಲ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದರು. ಪರಸ್ಪರ ಸಂಬಂಧವೇ ಇಲ್ಲದ ಮನೆಗಳಲ್ಲಿ ಕೂಡ ಅದೇ ದೋಷ ಮತ್ತೆ ಮತ್ತೆ ಕಾಣಿಸಿಕೊಂಡಿತು.

ಈ ರೋಗಕ್ಕೆ ಗುಣಪಡಿಸುವ ಔಷಧವಿಲ್ಲ. ಹಾಗಾದರೆ ಹೆಸರು ತಿಳಿದು ಪ್ರಯೋಜನವೇನು ಎಂದು ಕೇಳುವವರಿದ್ದಾರೆ. ನಮ್ಮ ವಿದ್ಯಾವಂತರೂ ಕೇಳುತ್ತಾರೆ. ಪ್ರಯೋಜನವಿದೆ. ಬೇಡದ ಸ್ಟೀರಾಯ್ಡ್ ನಿಲ್ಲುತ್ತದೆ. ಮನೆಯ ಒಡವೆ ಅಡವು ಇಡುವುದು ನಿಲ್ಲುತ್ತದೆ. ವ್ಯಾಯಾಮದಿಂದ ಕೀಲುಗಳನ್ನು ಎಷ್ಟು ಕಾಲ ಉಳಿಸಿಕೊಳ್ಳಬಹುದು, ದೊಡ್ಡವಳಾದ ಮೇಲೆ ಸೊಂಟದ ಕೀಲು ಯಾವಾಗ ಬದಲಿಸಬೇಕಾದೀತು ಎಂದು ಹೇಳುವವರು ಸಿಗುತ್ತಾರೆ. ಈ ಮಗುವಿನ ಬುದ್ಧಿಗೆ ಏನೂ ಆಗುವುದಿಲ್ಲ, ಆದ್ದರಿಂದ ಶಾಲೆ ಬಿಡಿಸಬೇಡಿ ಎಂದು ತಂದೆಗೆ ಧೈರ್ಯವಾಗಿ ಹೇಳಬಹುದು. ಮತ್ತೊಂದು ಮಗುವನ್ನು ಬಯಸುವವರಿಗೆ ನಾಲ್ಕರಲ್ಲೊಂದು ಎಂಬ ಲೆಕ್ಕವನ್ನು ಮೊದಲೇ ತಿಳಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ತವರಿಗೆ ಹೋಗಬೇಕಾದ ಸೊಸೆ ಮನೆಯಲ್ಲಿ ಉಳಿಯುತ್ತಾಳೆ.

ಮಣಿಪಾಲದ ಆ ವಿಭಾಗದಿಂದ ಹೊರಬಂದದ್ದು ಇದೊಂದೇ ಅಲ್ಲ. ಐ.ಎಫ್.ಟಿ. 52 ಎಂಬ ವಂಶವಾಹಿ ಕೆಟ್ಟರೆ ಮನುಷ್ಯರಲ್ಲಿ ಮೂಳೆಯ ರೋಗ ಬರುತ್ತದೆಂದು 2016ರಲ್ಲಿ ತೋರಿಸಿದರು. ಕೀಲುಗಳು ತಾವಾಗಿ ಜಾರುವ ಇನ್ನೊಂದು ಹೊಸ ರೋಗದ ಕಾರಣವನ್ನೂ ಅದೇ ವರ್ಷ ಹುಡುಕಿದರು. ಹಸುಳೆಗಳ ಮೆದುಳನ್ನು ಹಾಳುಮಾಡುವ ಮತ್ತೊಂದರ ಮೂಲವನ್ನು 2017ರಲ್ಲಿ ಡಾ. ಅಂಜು ಶುಕ್ಲಾ ಮೊದಲಾದವರು ಬಯಲಿಗೆಳೆದರು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಇಲ್ಲದ ರೋಗಗಳಿಗೆ ಉಡುಪಿ ಜಿಲ್ಲೆಯ ಒಂದು ಕೋಣೆಯಲ್ಲಿ ನಾಮಕರಣವಾಯಿತು. ಗಿರೀಶರ ಇತ್ತೀಚಿನ ಪ್ರಬಂಧಗಳಲ್ಲಿ ಮಸ್ಕತ್‌ನ ಸುಲ್ತಾನ್ ಕಾಬೂಸ್ ವಿಶ್ವವಿದ್ಯಾಲಯದ ವಿಳಾಸವೂ ಕಾಣಿಸುತ್ತದೆ. ನಮ್ಮ ಹುಡುಗರು ಮಸ್ಕತ್‌ಗೆ ಹೋಗುವುದು ಯಾವ ಕೆಲಸಕ್ಕೆಂದು ಎಲ್ಲರಿಗೂ ತಿಳಿದಿದೆ. ಅಲ್ಲಿಯ ಅರಬರು ತಮ್ಮ ಮಕ್ಕಳ ರೋಗಕ್ಕೆ ಕಾರಣ ಹುಡುಕಲು ಯಾರನ್ನು ಕರೆಸಿಕೊಳ್ಳುತ್ತಾರೆ ಎಂಬುದನ್ನೂ ತಿಳಿದುಕೊಳ್ಳುವುದು ಒಳ್ಳೆಯದು.

ಹೆಸರಿಲ್ಲದ ರೋಗ ಏನು ಮಾಡುತ್ತದೆ ಎಂಬುದಕ್ಕೆ ಕರ್ನಾಟಕದಲ್ಲಿ ಹಂದಿಗೋಡಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಸಾಗರ ತಾಲೂಕಿನ ಆ ಹಳ್ಳಿಯಲ್ಲಿ 1970ರ ದಶಕದ ನಡುವಿನಲ್ಲಿ ಜನರ ಸೊಂಟ, ಮಂಡಿಗಳು ಬಿಗಿದು ಬಾಗಿದವು. ಕೆಲವರು ಕುಬ್ಜರಾಗಿಯೇ ಉಳಿದರು. ಕೆಲವರು ನೆಲದ ಮೇಲೆ ತೆವಳುವಂತಾದರು. ರೋಗ ತಗಲಿದ್ದು ಹೆಚ್ಚಾಗಿ ಚಲವಾದಿ ಮತ್ತು ಚನ್ನಂಗಿ ಸಮುದಾಯಗಳ ಬಡ ದಲಿತರಿಗೆ, ಮೇಲ್ಜಾತಿಯವರಿಗಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಬಂದರು. 1978ರಲ್ಲಿ ಅದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ಬರೆದರು. ಗದ್ದೆಗೆ ಸಿಂಪಡಿಸಿದ ಕೀಟನಾಶಕ ಏಡಿಯ ಹೊಟ್ಟೆಗೆ ಹೋಗಿ, ಆ ಏಡಿಯನ್ನು ತಿಂದ ಕೂಲಿಗಳಿಗೆ ಈ ಗತಿ ಬಂತು ಎಂಬ ವಾದ ಹುಟ್ಟಿತು. ಅನ್ನವಿಲ್ಲದವನು ಏಡಿ ಹಿಡಿದು ತಿಂದದ್ದೇ ಅಪರಾಧವಾಯಿತು! ಊರಿನ ಹೆಣ್ಣನ್ನು ತರಲು ಬೇರೆ ಊರಿನವರು ಹಿಂಜರಿದರು. ಹೊರಗಿನಿಂದ ಸಂಬಂಧ ಸಿಗದಿದ್ದಾಗ ಒಳಗೊಳಗೇ ಮದುವೆಗಳಾದವು.

ಇದು ಮೂಳೆಯ ಬೆಳವಣಿಗೆಯನ್ನೇ ಕೆಡಿಸುವ, ತಂದೆ ಅಥವಾ ತಾಯಿ ಒಬ್ಬರಿಂದಲೇ ಮಕ್ಕಳಿಗೆ ದಾಟಬಲ್ಲ ಅನುವಂಶೀಯ ರೋಗವೆಂದು ಎಕ್ಸ್‌ರೇಗಳನ್ನು ಒಂದೊಂದಾಗಿ ಓದಿ 1994ರಲ್ಲಿ ಹೇಳಿದವರು ಲಕ್ನೋದ ಡಾ. ಎಸ್.ಎಸ್. ಅಗರ್ವಾಲ್, ಡಾ. ಶುಭಾ ಫಡ್ಕೆ ಮೊದಲಾದವರು. ದಕ್ಷಿಣ ಆಫ್ರಿಕದ ಮ್ಸೆಲೆನಿ ಎಂಬಲ್ಲಿ ಝುಲು ಜನರಿಗೆ ಬರುವ ಇಂಥದ್ದೇ ಒಂದು ಕಾಯಿಲೆಯಿದೆ. ಎರಡೂ ಒಂದೆಯೇ ಎಂದು ಅಲ್ಲಿನ ವೈದ್ಯರೊಡನೆ ಸೇರಿ 1997ರಲ್ಲಿ ಹೋಲಿಸಿ ನೋಡಿದರು. ಲಕ್ನೋದವರು ಬಂದು ನಮ್ಮ ಮಲೆನಾಡಿನ ದಲಿತರ ಬೆನ್ನೆಲುಬು ಓದಬೇಕಾಯಿತು. ನಮ್ಮ ರಾಜ್ಯದ ಸರಕಾರಗಳು ಆ ವರೆಗೆ ಮಾಡಿದ್ದು ಸಮಿತಿಗಳ ನೇಮಕ, ಮಂತ್ರಿಗಳ ಭೇಟಿ, ಪೌಷ್ಟಿಕ ಆಹಾರದ ಭರವಸೆ. ಮಂಗಳೂರು ಹೆಂಚಿನ ಮಾಡಿನ ಕೆಳಗೆ ತೆವಳುತ್ತಿದ್ದವರಿಗೆ ಅಧ್ಯಯನ ತಂಡಗಳ ಕಾರುಗಳ ಸದ್ದು ಅಭ್ಯಾಸವಾಗಿ ಹೋಗಿತ್ತು.

ಈಗ ನಮ್ಮ ಕಡೆಗೆ ಬರೋಣ. ರಕ್ತಸಂಬಂಧದ ಮದುವೆಯ ಮಾತೆತ್ತಿದೊಡನೆ ಎರಡು ಬಗೆಯ ಜನ ಎದ್ದು ನಿಲ್ಲುತ್ತಾರೆ. ಮೊದಲನೆಯವರು ನಮ್ಮನ್ನು ದ್ವೇಷಿಸುವವರು. ಅಂಗವಿಕಲ ಮಕ್ಕಳು ಹುಟ್ಟುವುದು ಮುಸ್ಲಿಮರ ಮದುವೆಯ ಕ್ರಮದಿಂದ ಎಂದು ಭಾಷಣ ಮಾಡುವುದು ಅವರಿಗೆ ರೂಢಿ. ಅವರು ಮೊದಲು ಕರ್ನಾಟಕವನ್ನು ತಿಳಿದುಕೊಳ್ಳಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್, ಡಾ. ಎ. ರಾಧಾ ರಮಾದೇವಿ ಹಾಗೂ ಸಂಗಡಿಗರು 1980ರ ದಶಕದಲ್ಲಿ ರಾಜ್ಯದ ಆಸ್ಪತ್ರೆಗಳಲ್ಲಿ ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತ ಪರೀಕ್ಷಿಸಿದರು. ತಂದೆತಾಯಿಯರ ಸಂಬಂಧವನ್ನೂ ಬರೆದುಕೊಂಡರು. ಹಿಂದೂ ದಂಪತಿಗಳಲ್ಲಿ ಸುಮಾರು ಮೂರರಲ್ಲೊಂದು ಜೋಡಿ ರಕ್ತಸಂಬಂಧಿಗಳು. ಮುಸ್ಲಿಮರಲ್ಲಿ ಅದು ನಾಲ್ಕರಲ್ಲೊಂದಕ್ಕಿಂತ ತುಸು ಕಡಿಮೆ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ದಕ್ಷಿಣದ ಹಳೆಯ ರೂಢಿ. ಅಲ್ಲಿ ಪಾಲಾಗುವ ರಕ್ತ ಸೋದರಸಂಬಂಧಿಗಳಲ್ಲಿ ಪಾಲಾಗುವುದಕ್ಕಿಂತ ಎರಡರಷ್ಟು. ಇಸ್ಲಾಮಿನಲ್ಲಿ ಆ ಸಂಬಂಧ ನಿಷಿದ್ಧ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ತಮಿಳುನಾಡು ಮತ್ತು ಕರ್ನಾಟಕಗಳೇ ಮುಂದೆ. ನಮ್ಮ ರಾಜ್ಯದಲ್ಲಿ ಶೇಕಡಾ 27ರಷ್ಟು ಮದುವೆಗಳು ರಕ್ತಸಂಬಂಧದೊಳಗಿನವು. ಇದು ಭಾಷೆಯ, ಭೂಮಿಯ, ಆಸ್ತಿಯ ರೂಢಿ. ಒಂದು ಧರ್ಮದ ತಲೆಗೆ ಕಟ್ಟುವುದು ಅಪಪ್ರಚಾರವೇ ಹೊರತು ವಿಜ್ಞಾನವಲ್ಲ.

ಈ ಅಂಕಿಗಳನ್ನು ಓದಿ ಬೆನ್ನು ತಟ್ಟಿಕೊಳ್ಳುವವರು ಎರಡನೆಯ ಬಗೆಯವರು. ಅವರು ನಮ್ಮವರೇ. ನೆರೆಮನೆಯಲ್ಲಿ ಇಬ್ಬರು ರೋಗಿಗಳಿದ್ದಾರೆ ಎಂಬುದು ನಮ್ಮ ಮನೆಯ ಒಬ್ಬ ರೋಗಿಗೆ ಔಷಧವಾದೀತೇ?

ಶರೀಅತ್ ಅನುಮತಿಸಿದ್ದನ್ನು ನೀವು ನಿಷೇಧಿಸುತ್ತೀರಾ ಎಂದು ಅವರು ಕೇಳುತ್ತಾರೆ. ಹಝ್ರತ್ ಅಲಿ ಮತ್ತು ಹಝ್ರತ್ ಫಾತಿಮಾರ(ರ) ಮದುವೆಯನ್ನು ನೆನಪಿಸುತ್ತಾರೆ. ನಾವೂ ಮದ್ರಸದ ಚಾಪೆಯ ಮೇಲೆ ಕುಳಿತು ಓದಿದವರು. ಅನುಮತಿಯನ್ನು ಪ್ರಶ್ನಿಸುವ ಅಧಿಕಾರ ನಮಗಿಲ್ಲ, ಉದ್ದೇಶವೂ ಇಲ್ಲ. ದೂರದಲ್ಲಿ ಮದುವೆಯಾಗಿ, ಸಂತಾನ ಬಡವಾಗದು ಎಂಬ ಅರ್ಥದ ಮಾತೊಂದನ್ನು ಕೆಲವರು ಪ್ರವಾದಿ ವಚನವೆಂದು ಉದ್ಧರಿಸುತ್ತಾರೆ. ಅದು ಪ್ರವಾದಿಯವರ(ಸ) ಮಾತೆಂದು ಸಾಬೀತಾಗಿಲ್ಲ ಎಂಬುದನ್ನು ನಾವೇ ಹೇಳುತ್ತೇವೆ, ನಮ್ಮ ವಾದಕ್ಕೆ ಅನುಕೂಲವೆಂದು ದುರ್ಬಲ ವರದಿಯನ್ನು ಹಿಡಿಯುವುದಿಲ್ಲ. ಆದರೆ ಅನುಮತಿಯು ಆಜ್ಞೆಯಲ್ಲ. ತೀರ ಹತ್ತಿರದ ಸಂಬಂಧ ಬೇಡವೆಂದು ಇಮಾಮ್ ಗಝಾಲಿಯವರು ವಧುವಿನ ಆಯ್ಕೆಯ ಪ್ರಸ್ತಾಪದಲ್ಲಿ ಸಲಹೆ ಮಾಡಿದ್ದಾರೆ. ಅವರನ್ನು ಯಾರೂ ಶರೀಅತ್ ವಿರೋಧಿ ಎಂದು ಕರೆಯಲಿಲ್ಲವಲ್ಲ!

ಲೆಕ್ಕವನ್ನೂ ಸರಿಯಾಗಿ ಹೇಳಬೇಕು, ಹೆದರಿಸುವುದು ಸುಧಾರಣೆಯಲ್ಲ. ಇಂಗ್ಲೆಂಡಿನ ಬ್ರಾಡ್‌ಫರ್ಡಿನಲ್ಲಿ ಪಾಕಿಸ್ತಾನಿ ಮೂಲದ ಕುಟುಂಬಗಳನ್ನೂ ಒಳಗೊಂಡ ದೊಡ್ಡ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಸಾಮಾನ್ಯ ದಂಪತಿಗಳಲ್ಲಿ ಜನ್ಮಜಾತ ದೋಷದ ಸಂಭವ ನೂರಕ್ಕೆ ಸುಮಾರು ಮೂರು. ಸೋದರಸಂಬಂಧಿಗಳು ಮದುವೆಯಾದರೆ ಸುಮಾರು ಆರು. ಅಂದರೆ ತೊಂಬತ್ತನಾಲ್ಕು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಮಾವನ ಮಗಳನ್ನು ಮದುವೆಯಾದವರೆಲ್ಲ ಇಂದು ರಾತ್ರಿ ನಿದ್ದೆಗೆಡಬೇಕಾಗಿಲ್ಲ. ಆದರೆ ಒಂದು ಮನೆಯಲ್ಲಿ ಈಗಾಗಲೇ ಅಂಥ ಮಗು ಹುಟ್ಟಿದ್ದರೆ, ಅದೇ ಮನೆಯೊಳಗೆ ಮತ್ತೆ ಮತ್ತೆ ಕೊಟ್ಟು ತಂದರೆ, ಆಗ ಈ ಸಾಮಾನ್ಯ ಲೆಕ್ಕ ಸಾಲದು. ಆ ಮನೆಗೆ ನಾಲ್ಕರಲ್ಲೊಂದರ ಲೆಕ್ಕ ಅನ್ವಯವಾಗಬಹುದು.

ಇದು ಹೇಗೆಂದರೆ, ನಮ್ಮ ದೇಹದ ಪ್ರತಿಯೊಂದು ಸೂಚನೆಗೂ ಎರಡೆರಡು ಪ್ರತಿಗಳಿವೆ. ಒಂದು ತಂದೆಯದು, ಒಂದು ತಾಯಿಯದು. ಜಮೀನಿನ ಕ್ರಯಪತ್ರದ ಎರಡು ಪ್ರತಿಗಳಲ್ಲಿ ಒಂದರ ಸಾಲು ಅಳಿಸಿ ಹೋದರೂ ಇನ್ನೊಂದು ಸರಿಯಿದ್ದರೆ ಜಮೀನು ಕೈತಪ್ಪುವುದಿಲ್ಲ. ನಮ್ಮಲ್ಲಿ ಪ್ರತಿಯೊಬ್ಬರ ಬಳಿಯೂ ಇಂಥ ಕೆಲವು ಅಳಿಸಿದ ಸಾಲುಗಳಿವೆ; ಮೌಲವಿಯ ಬಳಿಯೂ ಇವೆ, ಮುತವಲ್ಲಿಯ ಬಳಿಯೂ ಇವೆ. ಗಂಡ ಹೆಂಡಿರಿಬ್ಬರಲ್ಲೂ ಅದೇ ಸಾಲು ಅಳಿಸಿದ್ದು, ಮಗುವಿಗೆ ಎರಡೂ ಕೆಟ್ಟ ಪ್ರತಿಗಳೇ ಬಂದರೆ ಮಾತ್ರ ರೋಗ. ಒಬ್ಬರದೇ ತಪ್ಪು ಎನ್ನಲು ಇಲ್ಲಿ ಎಡೆಯೇ ಇಲ್ಲ. ಇಬ್ಬರೂ ಸಮಪಾಲುದಾರರು.

ಈ ಮಾತಿಗೆ ವಿಜ್ಞಾನಿಯ ಸಾಕ್ಷಿ ಸಾಲದೆನ್ನುವವರು ಹದೀಸ್ ಗ್ರಂಥಗಳನ್ನು ತೆರೆಯಲಿ. ಗ್ರಾಮೀಣ ಅರಬನೊಬ್ಬ ಪ್ರವಾದಿಯವರ(ಸ) ಬಳಿ ಬಂದು, ತನ್ನ ಹೆಂಡತಿ ಕಪ್ಪು ಮಗುವನ್ನು ಹೆತ್ತಿದ್ದಾಳೆ ಎಂದು ಸಂಶಯದ ಧ್ವನಿಯಲ್ಲಿ ದೂರಿದ ಪ್ರಸಂಗ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲಿಯೂ ಇದೆ. ಪ್ರವಾದಿಯವರು(ಸ) ಆತನನ್ನು ಗದರಲಿಲ್ಲ. ಆತನ ಒಂಟೆಗಳ ಬಣ್ಣ ಕೇಳಿದರು. ಕೆಂಪು ಒಂಟೆಗಳ ನಡುವೆ ಬೂದು ಬಣ್ಣದ್ದೂ ಹುಟ್ಟಿದೆಯೇ ಎಂದು ಕೇಳಿದರು. ಹೌದೆಂದ. ಅದು ಎಲ್ಲಿಂದ ಬಂತು ಎಂದಾಗ, ಹಿಂದಿನ ಯಾವುದೋ ತಲೆಮಾರಿನ ಎಳೆ ಎಳೆದಿರಬೇಕು ಎಂದು ಆತನೇ ಒಪ್ಪಿದ. ಹಾಗಾದರೆ ನಿನ್ನ ಮಗನ ವಿಷಯವೂ ಹಾಗೆಯೇ ಇದ್ದೀತೆಂದು ಪ್ರವಾದಿಯವರು(ಸ) ತಿಳಿಹೇಳಿದರು. ಹದಿನಾಲ್ಕು ಶತಮಾನಗಳ ಹಿಂದೆ ಮರುಭೂಮಿಯ ಒಬ್ಬ ಹೆಣ್ಣುಮಗಳನ್ನು ಅಪವಾದದಿಂದ ಪಾರು ಮಾಡಿದ ಈ ಪ್ರಸಂಗವನ್ನು ನಮ್ಮ ಯಾವ ಖುತ್ಬಾದಲ್ಲಿ ಕೊನೆಯ ಬಾರಿ ಕೇಳಿದ್ದೇವೆ? ವರದಕ್ಷಿಣೆಯ ವಿರುದ್ಧ, ಮದುವೆಯ ದುಂದುವೆಚ್ಚದ ವಿರುದ್ಧ ಮಾತನಾಡಿದ್ದೇವೆ. ರೋಗಿ ಮಗುವನ್ನು ಹೆತ್ತವಳ ಪರವಾಗಿ ಮಿಂಬರ್‌ನ ಮೇಲೆ ನಿಂತವರು ಎಷ್ಟು ಮಂದಿ?

ಮುಸ್ಲಿಮ್ ದೇಶಗಳ ಉದಾಹರಣೆ ಬೇಕೆನ್ನುವವರಿಗೆ ಅದೂ ಇದೆ. ಇರಾನ್ 1997ರಿಂದ ಮದುವೆಗೆ ಮುನ್ನ ಥಲಸೀಮಿಯಾ ಪರೀಕ್ಷೆಯನ್ನು ದೇಶವ್ಯಾಪಿ ಜಾರಿಗೆ ತಂದಿತು. ಸೌದಿ ಅರೇಬಿಯಾ 2004ರಲ್ಲಿ ಅದನ್ನು ಕಡ್ಡಾಯಗೊಳಿಸಿತು. ಮದುವೆಯನ್ನು ತಡೆಯುವುದಿಲ್ಲ, ತಿಳಿಸುತ್ತದೆ. ರಿಯಾದಿನ ಡಾ. ಫೌಝಾನ್ ಅಲ್‌ಕುರಯ್ಯಾ ಸೌದಿ ಕುಟುಂಬಗಳ ವಿರಳ ರೋಗಗಳ ಸಂಶೋಧನೆಯಿಂದ ಜಗತ್ತಿನ ಮುಂಚೂಣಿಯ ತಳಿವಿಜ್ಞಾನಿಗಳಲ್ಲಿ ಒಬ್ಬರಾದರು. ಗರ್ಭದಲ್ಲಿಯೇ ಗಂಭೀರ ದೋಷ ಖಚಿತವಾದಾಗ ಏನು ಮಾಡಬೇಕೆಂಬ ಕಠಿಣ ಪ್ರಶ್ನೆಯನ್ನು ಕೂಡ ಮಕ್ಕಾದ ಫಿಕ್ಹ್ ಮಂಡಳಿಯ ವಿದ್ವಾಂಸರು 1990ರಲ್ಲಿ ಎದುರಿಸಿ, 120 ದಿನಗಳ ಗಡುವನ್ನಿಟ್ಟು, ವೈದ್ಯರ ಸಮಿತಿಯ ದೃಢೀಕರಣದ ಷರತ್ತಿನೊಂದಿಗೆ ತಮ್ಮ ಅಭಿಪ್ರಾಯ ನೀಡಿದರು. ಒಪ್ಪುವುದು ಬಿಡುವುದು ಬೇರೆ ಮಾತು. ಪ್ರಶ್ನೆಯನ್ನಾದರೂ ಅವರು ಕೇಳಿಸಿಕೊಂಡರು. ನಮ್ಮ ಮಹಲ್ಲಾಗಳಲ್ಲಿ ಅದನ್ನು ಹೆಣ್ಣುಮಕ್ಕಳು ಕೇಳುವುದಕ್ಕೂ ಅಂಜುತ್ತಾರೆ.

ಸರಕಾರದ ಬಗ್ಗೆ ಎರಡು ಮಾತು. ದೆಹಲಿಯ ರಿಕ್ಷಾ ಎಳೆಯುವವನೊಬ್ಬನ ಮಗನಿಗೆ ಗೋಷೆ ಎಂಬ ವಿರಳ ರೋಗವಿತ್ತು. ಆ ಮನೆ ಅದೇ ರೋಗಕ್ಕೆ ಈ ಹಿಂದೆಯೇ ಮಕ್ಕಳನ್ನು ಕಳೆದುಕೊಂಡಿತ್ತು. ತಿಂಗಳಿಗೆ ಲಕ್ಷಗಟ್ಟಲೆ ಬೆಲೆಯ ಔಷಧ. ಆ ಬಡ ಮುಸ್ಲಿಮ್ ತಂದೆ ನ್ಯಾಯಾಲಯದ ಮೆಟ್ಟಿಲೇರಿದ. ಬಡವನ ಮಗು ಹಣವಿಲ್ಲವೆಂದು ಸಾಯುವುದನ್ನು ಸರಕಾರ ನೋಡುತ್ತ ಕೂರುವಂತಿಲ್ಲ ಎಂಬ ನಿಲುವಿನಿಂದ ದೆಹಲಿ ಹೈಕೋರ್ಟ್ 2014ರ ಏಪ್ರಿಲ್‌ನಲ್ಲಿ ಉಚಿತ ಚಿಕಿತ್ಸೆಗೆ ಆದೇಶಿಸಿತು. ಅದಾದ ಮೇಲೆ 2017ರಲ್ಲಿ ಒಂದು ನೀತಿ ಬಂತು. ಅದನ್ನು ಮೂಲೆಗೆ ತಳ್ಳಲಾಯಿತು. 2021ರಲ್ಲಿ ಇನ್ನೊಂದು ಬಂತು. 2022ರಲ್ಲಿ ನೆರವಿನ ಮಿತಿಯನ್ನು ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿಗೆ ಏರಿಸಲಾಯಿತು. ಜೀವನಪರ್ಯಂತ ಬೇಕಾದ ಔಷಧಕ್ಕೆ ಒಮ್ಮೆ ಕೊಟ್ಟು ಮುಗಿಯುವ ಮೊತ್ತ! ಹಣ ಮುಗಿದ ಮರುದಿನ ಆ ಮಗು ಏನು ಮಾಡಬೇಕು? ಕರ್ನಾಟಕದ ಪಾಲಿಗೆ ಆ ಪಟ್ಟಿಯಲ್ಲಿ ಬಂದದ್ದು ಬೆಂಗಳೂರು: ಪ್ರೊ. ಎಚ್. ಶರತ್ ಚಂದ್ರ ಅವರು ಕಟ್ಟಿದ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ಅಲ್ಲಿ ಡಾ. ಮೀನಾಕ್ಷಿ ಭಟ್‌ರಂಥ ತಜ್ಞರು ವರ್ಷಗಟ್ಟಲೆ ದುಡಿದಿದ್ದಾರೆ. ಆದರೆ ಬೀದರಿನ ತಾಯಿ, ಹಾರನಹಳ್ಳಿಯ ತಂದೆ ಅಲ್ಲಿಗೆ ತಲುಪುವ ಮೊದಲು ಇಂಥ ರೋಗವಿರಬಹುದೆಂದು ಶಂಕಿಸುವ ಒಬ್ಬ ವೈದ್ಯನಾದರೂ ತಾಲೂಕಿನಲ್ಲಿ ಇರಬೇಕಲ್ಲವೇ? ನಾಲ್ಕು ವರ್ಷ ಒಂದೇ ಹೆಸರನ್ನು ಬರೆದವರು ಬೆನ್ನಿನ ಒಂದು ಎಕ್ಸ್‌ರೇ ತೆಗೆಸಲಿಲ್ಲ. ಆ ಚೀಲದಲ್ಲಿ ನಾವು ಹುಡುಕಿದೆವು, ಇರಲಿಲ್ಲ.

ಇನ್ನು ನಮ್ಮ ದಾನಶೂರತೆ. 2021ರಲ್ಲಿ ಕಣ್ಣೂರು ಜಿಲ್ಲೆಯ ಒಂದು ಮಗುವಿಗೆ 18 ಕೋಟಿ ರೂಪಾಯಿಯ ಚುಚ್ಚುಮದ್ದು ಬೇಕೆಂದಾಗ ಜಾತಿ ಮತ ಮರೆತು ಜನ ಕೊಟ್ಟರು. ಕೆಲವೇ ದಿನಗಳಲ್ಲಿ ಬೇಕಾದುದಕ್ಕಿಂತಲೂ ಹೆಚ್ಚು ಹಣ ಹರಿದು ಬಂತು. ಅದಕ್ಕಾಗಿ ಅಲ್ಲಾಹನನ್ನು ಸ್ತುತಿಸುತ್ತೇವೆ. ಅಂದಿನಿಂದ ನಮ್ಮ ಮೊಬೈಲ್‌ಗಳಿಗೆ ದಿನಕ್ಕೊಂದು ಮಗುವಿನ ಚಿತ್ರ ಬರುತ್ತಿದೆ, ಮೂಗಿನಲ್ಲಿ ನಳಿಕೆ, ಕೆಳಗೆ ಬ್ಯಾಂಕ್ ಖಾತೆಯ ಸಂಖ್ಯೆ. ಮುದ್ದಾದ ಮುಖದ ಮಗುವಿಗೆ ಬೇಗ ಹಣ ಸೇರುತ್ತದೆ, ಮುಖ ವಿಕಾರವಾದ ಮಗುವಿಗೆ ಸೇರುವುದಿಲ್ಲ. ಇದು ಕಹಿಯಾದರೂ ನಿಜ. ಕೋಟಿಯ ಚುಚ್ಚುಮದ್ದಿಗೆ ಕಣ್ಣೀರು ಸುರಿಸುವ ನಾವು, ಕೆಲವು ಸಾವಿರಗಳ ಒಂದು ಪರೀಕ್ಷೆಗೆ, ಬೆಂಗಳೂರಿನ ತನಕದ ನಾಲ್ಕು ರೈಲು ಟಿಕೆಟ್‌ಗಳಿಗೆ, ಆ ದಿನದ ಕಳೆದುಹೋದ ಕೂಲಿಗೆ ಝಕಾತ್ ನಿಧಿಯಿಂದ ಕೊಡುವ ಬಗ್ಗೆ ಎಂದಾದರೂ ಯೋಚಿಸಿದ್ದೇವೆಯೇ?

ನಮ್ಮ ಶಿಕ್ಷಣ ಸಂಸ್ಥೆಗಳನ್ನೂ ಕೇಳಬೇಕಾಗಿದೆ. ಸಮುದಾಯದಿಂದ ಡಾಕ್ಟರುಗಳು ಹೊರಬರುತ್ತಿದ್ದಾರೆ, ಸಂತೋಷ. ಸನ್ಮಾನ ಸಮಾರಂಭಗಳಲ್ಲಿ ಶಾಲು ಹೊದಿಸುವಾಗ ಅವರು ಆರಿಸಿಕೊಂಡ ವಿಭಾಗ ಯಾವುದೆಂದು ಕೇಳಿ ನೋಡಿ: ರೇಡಿಯಾಲಜಿ, ಚರ್ಮ, ಹೃದಯ. ಈ ದೇಶದಲ್ಲಿ ವೈದ್ಯಕೀಯ ತಳಿವಿಜ್ಞಾನದ ಡಿ.ಎಂ. ಕಲಿಸುವ ಸಂಸ್ಥೆಗಳು ಬೆರಳೆಣಿಕೆಯಷ್ಟು. ಆ ಹಾದಿಯಲ್ಲಿ ಇಪ್ಪತ್ತು ವರ್ಷ ನಡೆದರೂ ಕೈಗೆ ಬರುವುದು ಕೆಲವು ಪ್ರಬಂಧಗಳು ಮತ್ತು ಹೊರಗೆ ಬೆಂಚಿನ ಮೇಲೆ ಕಾಯುವ ಬಡವರ ಸಾಲು. ಡಾಕ್ಟರಾಗದವರೂ ಕಲಿಯಬಹುದಾದ ಜೆನೆಟಿಕ್ ಕೌನ್ಸೆಲಿಂಗ್ ಎಂಬ ಪದವಿಯಿದೆ. ಉರ್ದು, ಬ್ಯಾರಿ, ಕನ್ನಡ ಬಲ್ಲ ನಮ್ಮ ಹೆಣ್ಣುಮಕ್ಕಳು ಅದನ್ನು ಕಲಿತರೆ ಬಾಗಿಲ ಮರೆಯಲ್ಲಿ ನಿಂತ ಸೊಸೆಯ ಬಳಿ ಕುಳಿತು ಮಾತನಾಡಬಲ್ಲರು. ನಾವು ಗಂಡಸರು ಜಗಲಿಯಲ್ಲಿ ಕುಳಿತು ಬರೆಯುವುದಕ್ಕಿಂತ ಅದು ಎಷ್ಟೋ ಮೇಲು. ಒಂದು ವರ್ಷ ಶಾದಿ ಮಹಲ್‌ನ ಕಮಾನಿಗೆ ಬಣ್ಣ ಹಚ್ಚದೆ ಉಳಿಸಿದರೂ ಇಂಥ ಇಬ್ಬರಿಗೆ ವಿದ್ಯಾರ್ಥಿ ವೇತನ ಕೊಡಬಹುದಲ್ಲ. ನಿಕಾಹ್‌ನ ರಿಜಿಸ್ಟರಿನಲ್ಲಿ ಮಹರ್‌ನ ಮೊತ್ತ ಬರೆಯುವ ಕಾಝಿ ಸಾಹೇಬರು, ಎರಡೂ ಮನೆಗಳಲ್ಲಿ ಎಳವೆಯಲ್ಲೇ ಕಾಯಿಲೆ ಬಿದ್ದ ಮಕ್ಕಳಿದ್ದಾರೆಯೇ ಎಂದು ನಿಶ್ಚಿತಾರ್ಥಕ್ಕೆ ಮುಂಚೆಯೇ ಒಂದು ಮಾತು ಕೇಳಿದರೆ ಅವರ ಪೇಟದ ಗೌರವ ಕಡಿಮೆಯಾಗದು. ಇದ್ದರೆ ಮುಚ್ಚಿಡುವುದೇ ಮೋಸ. ಮಾರುವ ಧಾನ್ಯದ ಒಳಗಿನ ಒದ್ದೆಯನ್ನು ಮುಚ್ಚಿಟ್ಟ ವ್ಯಾಪಾರಿಯನ್ನು ಪ್ರವಾದಿಯವರು(ಸ) ಹೇಗೆ ಎಚ್ಚರಿಸಿದರೆಂದು ನಮ್ಮ ಮದ್ರಸದ ಚಿಕ್ಕ ಮಕ್ಕಳೂ ಬಲ್ಲರು.

ಹಾರನಹಳ್ಳಿಯ ಆ ಮನೆಯವರು ಈಗ ಒಮ್ಮೆ ಬೆಂಗಳೂರಿಗೆ ಹೋಗಿ ಬಂದಿದ್ದಾರೆ. ಮುಂಜಾನೆ ಅರಸೀಕೆರೆ ಜಂಕ್ಷನ್‌ನಲ್ಲಿ ರೈಲು ಹತ್ತಿಸಲು ನಾವೂ ಹೋಗಿದ್ದೆವು. ಬೆನ್ನಿನ ಎಕ್ಸ್‌ರೇ ಆಗಿದೆ. ಮಕ್ಕಳಿಬ್ಬರ, ತಂದೆಯ, ತಾಯಿಯ ರಕ್ತ ತೆಗೆದುಕೊಂಡಿದ್ದಾರೆ. ವರದಿ ಬರಲು ವಾರಗಳು ಬೇಕಂತೆ. ಸ್ಟೀರಾಯ್ಡ್ ಬಗ್ಗೆ ಅಲ್ಲಿಯ ವೈದ್ಯರು ಹೇಳಿದಂತೆ ನಡೆಯುತ್ತಿದ್ದಾರೆ. ಮೊನ್ನೆ ಮತ್ತೆ ಆ ಮನೆಗೆ ಹೋದಾಗ ಅಜ್ಜಿ ನಮ್ಮನ್ನು ಪಕ್ಕಕ್ಕೆ ಕರೆದು ಮೆಲ್ಲನೆ ಕೇಳಿದರು: "ರಿಪೋರ್ಟಿನಲ್ಲಿ ಯಾರ ಹೆಸರು ಬರುತ್ತದೆ, ಮೌಲವಿ ಸಾಬ್?"

"ರೋಗದ ಹೆಸರು ಬರುತ್ತದೆ, ಖಾಲಾ," ಎಂದೆವು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಕಿರಿಯ ಮಗಳಿಗೆ ತಮ್ಮನ ಎರಡನೆಯ ಮಗನನ್ನು ತರುವ ಮಾತು ಬರುವ ಶವ್ವಾಲ್‌ಗೆ ನಿಶ್ಚಯವಾಗಿದೆ, ಆ ಹುಡುಗನ ರಕ್ತವನ್ನೂ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿದರು.